ರಾಮನ್ ಹಗಲು ಲೆಕ್ಕಪತ್ರ ನೋಡುತ್ತಿದ್ದರು. ಹಾಗಾದರೆ ವಿಜ್ಞಾನಿಯ ತಲೆ ತಯಾರಾಗುವುದು ಎಲ್ಲಿ?

ಹನುಮಂತನಗರ ಸುಮಾ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಜಗಳ ನಡೆಯುತ್ತಿದೆ, ಅದರಿಂದ ಹುಟ್ಟಿದ ಪ್ರಶ್ನೆ ಇದು.

ಅಕ್ಕನ ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ಅವನಿಗೆ ಹಲ್ಲಿಗಳ ಹುಚ್ಚು. ಯಾರಾದರೂ ಏನಾದರೂ ಹೇಳುವಾಗ ಹಲ್ಲಿ ಲೊಚಗುಟ್ಟಿದರೆ ಅಜ್ಜಿ 'ನೋಡು, ಸತ್ಯ' ಅನ್ನುತ್ತಾರಲ್ಲ, ಅದು ನಿಜವಾ ಅಂತ ಇವನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದ. ಯಾರು ಏನು ಹೇಳಿದಾಗ ಲೊಚಗುಟ್ಟಿತು, ಯಾರೂ ಮಾತಾಡದೆ ಇದ್ದಾಗ ಎಷ್ಟು ಸಲ ಲೊಚಗುಟ್ಟಿತು, ಎಲ್ಲ ಇದೆ ಅದರಲ್ಲಿ. ಭಾವ ಆ ಪುಸ್ತಕವನ್ನು ಕಪಾಟಿನೊಳಗೆ ಇಟ್ಟು ಬೀಗ ಹಾಕಿದ್ದಾರೆ. ಪಿಯುಸಿಗೆ ಕೋಚಿಂಗೂ ಸೇರಿರುವ ಕಾಲೇಜೇ ಆಗಬೇಕಂತೆ.

ನನಗೆ ಅವನಿಗೆ ಯಾವ ಕಾಲೇಜು ಅನ್ನುವ ಸಲಹೆ ಬೇಡ. ಅದು ಅವರಪ್ಪ ಅಮ್ಮನ ವಿಷಯ. ನನ್ನ ಕುತೂಹಲ ಬೇರೆ. ವಿಜ್ಞಾನದಲ್ಲಿ ಯಾರೂ ಯೋಚಿಸದೆ ಇದ್ದದ್ದನ್ನು ಯೋಚಿಸಿದವರ ತಲೆ ಹೇಗೆ ಹಾಗಾಯಿತು?

ನಾನು ಅಕೌಂಟ್ಸ್‌ನಲ್ಲಿ ಕೆಲಸ ಮಾಡುವವಳು. ಸಿ.ವಿ. ರಾಮನ್ ಕೂಡ ಅಕೌಂಟ್ಸ್‌ನವರೇ ಅಂತ ಈಚೆಗೆ ಓದಿದೆ. 1907ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಕಲ್ಕತ್ತಾದಲ್ಲಿ ಸರ್ಕಾರದ ಹಣಕಾಸು ಇಲಾಖೆಗೆ ಸೇರಿದರು. ನಡುವೆ ರಂಗೂನ್, ನಾಗಪುರಕ್ಕೆ ವರ್ಗವೂ ಆಯಿತು. ಹತ್ತು ವರ್ಷ ಅದೇ ಕೆಲಸ. ಬೆಳಗ್ಗೆ ಆಫೀಸಿಗೆ ಮುಂಚೆ, ಸಂಜೆ ಆಫೀಸ್ ಮುಗಿದ ಮೇಲೆ ಬೌಬಜಾರಿನ ಒಂದು ಪ್ರಯೋಗಶಾಲೆಗೆ ಹೋಗುತ್ತಿದ್ದರು. ನಾನು ಸಂಜೆ ಮನೆಗೆ ಬಂದರೆ ಸೀರಿಯಲ್ ನೋಡುವುದಕ್ಕೂ ಶಕ್ತಿ ಇರುವುದಿಲ್ಲ. ಅವರಿಗೆ ಅದು ಎಲ್ಲಿಂದ ಬಂತು?

ಫಿಲ್ಟರ್ ಕಾಫಿ · ಶನಿವಾರ ರಾತ್ರಿ 9:52

ಹುಟ್ಟುಗುಣ ಮೇಡಂ. ಇದ್ದವರಿಗೆ ಇರುತ್ತದೆ, ಇಲ್ಲದವರಿಗೆ ಇಲ್ಲ. ಮಿಕ್ಕಿದ್ದೆಲ್ಲ ಆಮೇಲೆ ಕಟ್ಟಿದ ಕತೆ.

ನಿವೃತ್ತ ಮೇಷ್ಟ್ರು · ಶನಿವಾರ ರಾತ್ರಿ 10:30

ಕಾಫಿಯವರೇ, ಅಷ್ಟು ಸಲೀಸಾಗಿ ತೀರ್ಪು ಕೊಡಬೇಡಿ. ಹುಟ್ಟುಗುಣವನ್ನು ಅಳೆದು ಮಕ್ಕಳನ್ನು ಆರಿಸಿದ ಕತೆಯೂ ಇದೆ. 1921ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೂಯಿಸ್ ಟರ್ಮನ್ ಅನ್ನುವ ಮನಶ್ಶಾಸ್ತ್ರಜ್ಞ ಬುದ್ಧಿ ಪರೀಕ್ಷೆ ಮಾಡಿ ಸಾವಿರಕ್ಕೂ ಹೆಚ್ಚು ಚುರುಕು ಮಕ್ಕಳನ್ನು ಆರಿಸಿದ. ಅವರು ದೊಡ್ಡವರಾಗುವವರೆಗೂ ಬೆನ್ನು ಬಿಡಲಿಲ್ಲ. ಒಳ್ಳೆಯ ವಕೀಲರು, ಡಾಕ್ಟರು, ಪ್ರೊಫೆಸರುಗಳು ಆದರು. ಆದರೆ ಅವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಪರೀಕ್ಷೆಯಲ್ಲಿ ಅಂಕ ಸಾಲದೆ ಪಟ್ಟಿಯಿಂದ ಹೊರಗೆ ಉಳಿದ ಇಬ್ಬರು ಹುಡುಗರಿಗೆ ಬಂತು. ಟ್ರಾನ್ಸಿಸ್ಟರಿನ ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಆಲ್ವಾರೆಜ್‌ಗೆ 1968ರಲ್ಲಿ.

ನಾನು ಪಿಯುಸಿಗೆ ಭೌತಶಾಸ್ತ್ರ ಪಾಠ ಮಾಡಿದವನು. ಫ್ಯಾರಡೆ ಪಾಠ ಬಂದಾಗಲೆಲ್ಲ ಪುಸ್ತಕ ಮುಚ್ಚಿಟ್ಟು ಅವನ ಕತೆ ಹೇಳುತ್ತಿದ್ದೆ. ಕಮ್ಮಾರನ ಮಗ. ಹದಿನಾಲ್ಕಕ್ಕೆ ಬುಕ್ ಬೈಂಡಿಂಗ್ ಅಂಗಡಿ ಸೇರಿದ. ಹೊಲಿಯಲು ಬಂದ ಪುಸ್ತಕಗಳನ್ನೇ ಓದಿದ. 1812ರಲ್ಲಿ ಒಬ್ಬ ಗಿರಾಕಿ ಕೊಟ್ಟ ಟಿಕೆಟ್ಟಿನಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಹೋಗಿ, ಕೇಳಿದ್ದನ್ನೆಲ್ಲ ಚಿತ್ರ ಸಮೇತ ಬರೆದು, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಮುಂದಿನ ವರ್ಷ ಡೇವಿಯ ಪ್ರಯೋಗಶಾಲೆಯಲ್ಲೇ ಕೆಲಸ ಸಿಕ್ಕಿತು.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವುದು ಇನ್ನೊಂದು. ಫ್ಯಾರಡೆಗೆ ಮೇಲ್ಮಟ್ಟದ ಗಣಿತ ಬರುತ್ತಿರಲಿಲ್ಲ. ಆ ಕಾಲದ ಗಣಿತ ಬಲ್ಲವರಿಗೆ ಎರಡು ವಸ್ತು, ಅವುಗಳ ನಡುವಿನ ದೂರ, ಒಂದು ಸೂತ್ರ, ಇಷ್ಟಾದರೆ ಸಾಕಿತ್ತು. ಮಧ್ಯದ ಖಾಲಿ ಜಾಗದ ಬಗ್ಗೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಇವನಿಗೆ ಸೂತ್ರ ಇರಲಿಲ್ಲ, ಹಾಗಾಗಿ ಕಣ್ಣಿಗೆ ಕಂಡದ್ದನ್ನೇ ನಂಬಬೇಕಾಯಿತು. ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಅಯಸ್ಕಾಂತದ ಸುತ್ತ ಅದು ಸಾಲುಗಟ್ಟುವುದನ್ನು ನೋಡಿ, ಆ ಖಾಲಿ ಜಾಗದಲ್ಲೇ ಏನೋ ಇದೆ ಅಂದ. ಆಮೇಲೆ ಮ್ಯಾಕ್ಸ್‌ವೆಲ್ ಅದನ್ನು ಗಣಿತಕ್ಕೆ ತಂದ. ಇವತ್ತು ನೀವು ಈ ಚರ್ಚೆ ಓದುತ್ತಿರುವ ಮೊಬೈಲಿನ ಸಿಗ್ನಲ್ ಅದೇ ದಾರಿಯಲ್ಲಿ ಬಂದದ್ದು.

ಮೃದಂಗದ ಮನೆ · ಶನಿವಾರ ರಾತ್ರಿ 11:15

ರಾಮನ್ ಹೆಸರು ಬಂದ ಮೇಲೆ ನಾನು ಸುಮ್ಮನೆ ಇರುವುದು ಕಷ್ಟ. ಎಲ್ಲರೂ ಅವರ ಬೆಳಕಿನ ಕೆಲಸ ಹೇಳುತ್ತಾರೆ. ನಮ್ಮಂಥವರಿಗೆ ಅವರು ಮೊದಲು ಮೃದಂಗದ ವಿಜ್ಞಾನಿ.

ಬರೀ ಚರ್ಮ ಬಿಗಿದು ಹೊಡೆದರೆ ಢಬ್ ಅನ್ನುತ್ತದೆ. ಅದರಲ್ಲಿ ಶ್ರುತಿ ಸಿಗುವುದಿಲ್ಲ. ಯಾಕೆಂದರೆ ಚರ್ಮದಿಂದ ಬರುವ ಮೇಲಿನ ಸ್ವರಗಳು ಮೂಲ ಸ್ವರದ 1.59, 2.14, 2.30 ಪಟ್ಟು ಹೀಗೆ ಅಡ್ಡಾದಿಡ್ಡಿ ಇರುತ್ತವೆ. ತಂತಿಯಲ್ಲಾದರೆ 2, 3, 4 ಅಂತ ಸಲೀಸಾಗಿ ಬರುತ್ತವೆ. ಅದಕ್ಕೇ ವೀಣೆ ಹಾಡುತ್ತದೆ, ತಮಟೆ ಗುಡುಗುತ್ತದೆ. ಮೃದಂಗ ಮಾತ್ರ ಚರ್ಮವಾದರೂ ಹಾಡುತ್ತದೆ. ಗುಟ್ಟು ಇರುವುದು ಬಲಗಡೆಯ ಕಪ್ಪು ಕರಣೆಯಲ್ಲಿ. ಅನ್ನದ ಅಂಟಿನಲ್ಲಿ ಕಪ್ಪು ಪುಡಿ ಕಲಸಿ ತೆಳ್ಳಗೆ ಬಳಿಯುತ್ತಾರೆ, ಕಲ್ಲಿನಲ್ಲಿ ಉಜ್ಜುತ್ತಾರೆ, ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಪದರ. ನಡುವೆ ದಪ್ಪ, ಅಂಚಿಗೆ ಹೋಗುತ್ತಾ ತೆಳು. ಎಷ್ಟು ಪದರ ಅಂತ ಮಾಡುವವರನ್ನು ಕೇಳಿದರೆ 'ನಾದ ಬರುವವರೆಗೆ' ಅನ್ನುತ್ತಾರೆ.

ರಾಮನ್ ಚರ್ಮದ ಮೇಲೆ ನುಣ್ಣಗಿನ ಮರಳು ಉದುರಿಸಿ ನುಡಿಸಿ ನೋಡಿದರು. ಮರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಚರ್ಮ ಅಲುಗುತ್ತಿಲ್ಲ ಅಂತ ಅರ್ಥ. ಹಾಗೆ ನೋಡಿ, ಕರಣೆಯ ಭಾರದಿಂದ ಚರ್ಮದ ಅಡ್ಡಾದಿಡ್ಡಿ ಸ್ವರಗಳು 1, 2, 3, 4, 5 ಅಂತ ತಂತಿಯ ಹಾಗೆ ಸಾಲಿಗೆ ಬರುತ್ತವೆ ಅಂತ ತೋರಿಸಿದರು. ಇದು ಪ್ರಕಟವಾದದ್ದು 1920ರಲ್ಲಿ, ನೇಚರ್ ಪತ್ರಿಕೆಯಲ್ಲಿ. ನೊಬೆಲ್‌ಗೆ ಹತ್ತು ವರ್ಷ ಮೊದಲು.

ಅವರ ತಂದೆ ಪಿಟೀಲು ನುಡಿಸುತ್ತಿದ್ದರು, ಹೆಂಡತಿ ಲೋಕಸುಂದರಿ ವೀಣೆ. ಮನೆಯಲ್ಲಿ ಕಿವಿಗೆ ಬಿದ್ದದ್ದೇ ಪ್ರಶ್ನೆ ಆಯಿತು. ನನ್ನ ಅನಿಸಿಕೆ ಇಷ್ಟೇ: ದೊಡ್ಡ ಪ್ರಶ್ನೆ ಹುಡುಕಿಕೊಂಡು ಹೋದವರಲ್ಲ ಅವರು. ದಿನಾ ಕೇಳುತ್ತಿದ್ದದ್ದನ್ನು ಮಾಮೂಲಿ ಅಂತ ಬಿಡಲಿಲ್ಲ.

ಡೇಟಾ ಹುಡುಗ · ಭಾನುವಾರ ಬೆಳಗ್ಗೆ 8:05

ಮೃದಂಗದ ಮನೆ ಸರ್, ಓದಿ ಖುಷಿಯಾಯಿತು. ಆದರೂ ಒಂದು ತಕರಾರು. ವೀಣೆ ನುಡಿಸುವ ಹೆಂಡತಿ ಇದ್ದ ಅಕೌಂಟೆಂಟುಗಳು ಆಗ ಎಷ್ಟು ಜನ ಇದ್ದಿರಬೇಕು? ಅವರೆಲ್ಲ ಏನಾದರು? ಗೆದ್ದವರನ್ನು ಮಾತ್ರ ನೋಡಿ ಹಿಂದಕ್ಕೆ ಹೋದರೆ ಪಿಟೀಲು, ಬೈಂಡಿಂಗು, ಹಲ್ಲಿ ಎಲ್ಲವೂ ಕಾರಣದ ಥರ ಕಾಣುತ್ತದೆ. ಸೋತವರ ಪಟ್ಟಿ ಯಾರ ಹತ್ತಿರವೂ ಇಲ್ಲ.

ಇನ್ನೊಂದು. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಲ್ಕತ್ತಾದಲ್ಲಿ ಆ ಹೊಸ ಬೆಳಕು (ದ್ರವದಲ್ಲಿ ಚದುರಿದಾಗ ಬಣ್ಣ ಬದಲಾದ ಬೆಳಕು, ಈಗ ರಾಮನ್ ಪರಿಣಾಮ ಅನ್ನುತ್ತಾರಲ್ಲ ಅದು) ಕಂಡದ್ದು 1928ರ ಫೆಬ್ರವರಿ 28. ಒಂದು ವಾರ ಮೊದಲು ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್, ಮ್ಯಾಂಡೆಲ್‌ಷ್ಟಾಮ್ ಸ್ಫಟಿಕದಲ್ಲಿ ಅದನ್ನೇ ಕಂಡಿದ್ದರು. ಪ್ರಕಟಿಸುವಷ್ಟರಲ್ಲಿ ಹಿಂದೆ ಬಿದ್ದರು, ಅಷ್ಟೇ. ಕಲ್ಕತ್ತಾದಲ್ಲೂ ಮಾಸ್ಕೋದಲ್ಲೂ ಒಂದೇ ಹೊತ್ತಿಗೆ ಆಗಿದೆ ಅಂದರೆ ಒಬ್ಬೊಬ್ಬರ ತಲೆಯ ವಿಶೇಷ ಎಷ್ಟು, ಕಾಲ ಹದವಾಗಿದ್ದದ್ದು ಎಷ್ಟು?

ಲೆಕ್ಕ ಸಿಗುವ ಒಂದು ಸಂಗತಿ ಹೇಳುತ್ತೇನೆ. ಹ್ಯಾರಿಯೆಟ್ ಝುಕರ್‌ಮನ್ ಅನ್ನುವ ಸಮಾಜಶಾಸ್ತ್ರಜ್ಞೆ 1970ರ ದಶಕದಲ್ಲಿ ಅಮೆರಿಕದ ನೊಬೆಲ್ ವಿಜ್ಞಾನಿಗಳನ್ನು ಅಧ್ಯಯನ ಮಾಡಿದರು. ಅರ್ಧಕ್ಕಿಂತ ಜಾಸ್ತಿ ಜನ ತಮಗಿಂತ ಹಿರಿಯ ನೊಬೆಲ್ ವಿಜ್ಞಾನಿಯ ಕೈಕೆಳಗೆ ಒಂದಲ್ಲ ಒಂದು ಕಾಲದಲ್ಲಿ ಕೆಲಸ ಮಾಡಿದವರು. ಅಂದರೆ ಇದು ಗುರುಮನೆಯ ವಿಷಯ. ಪಿಟೀಲು ಪಕ್ಕಕ್ಕಿಡಿ.

ಸುಮಾ ಅಕ್ಕ, ನಿಮ್ಮ ಹುಡುಗ 'ಯಾರೂ ಮಾತಾಡದೆ ಇದ್ದಾಗ ಎಷ್ಟು ಸಲ' ಅಂತ ಬರೆದಿದ್ದಾನಲ್ಲ, ಅದನ್ನು ನಮ್ಮ ಆಫೀಸಿನಲ್ಲಿ ಒಳ್ಳೆ ಸಂಬಳದವರೂ ಮರೆಯುತ್ತಾರೆ. ಬೀಗ ತೆಗೆಸಿ.

ಹನುಮಂತನಗರ ಸುಮಾ · ಭಾನುವಾರ ಬೆಳಗ್ಗೆ 8:40

ಹ್ಹ ಹ್ಹ, ಭಾವನಿಗೆ ಓದಿ ಹೇಳಿದೆ. ಸುಮ್ಮನೆ ಪೇಪರ್ ಹಿಡಿದುಕೊಂಡರು. ಆದರೆ ನೀವು ಹೇಳಿದ್ದು ನನಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಗುರುಗಳ ಹತ್ತಿರ ಇರುವುದರಿಂದ ಬರುವುದು ಏನು? ಪಾಠವಂತೂ ಪುಸ್ತಕದಲ್ಲೇ ಇದೆಯಲ್ಲ?

ಲ್ಯಾಬ್ ಅಕ್ಕ · ಭಾನುವಾರ ಬೆಳಗ್ಗೆ 11:20

ಸುಮಾ, ಅದಕ್ಕೆ ನಾನು ಉತ್ತರ ಕೊಡಬಲ್ಲೆ. ಯಶವಂತಪುರದ ಕಡೆ, ಜನ ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ನಾನು ಓದಿದ್ದು. ಗುರುವಿನ ಹತ್ತಿರ ಕಲಿಯುವುದು ಉತ್ತರವನ್ನಲ್ಲ, ರುಚಿಯನ್ನು. ಯಾವ ಪ್ರಶ್ನೆ ಹಿಡಿಯಬೇಕು, ಅದಕ್ಕಿಂತ ಜಾಸ್ತಿ, ಯಾವ ಪ್ರಶ್ನೆ ಕೈಬಿಡಬೇಕು. ಇದು ಸೆಮಿನಾರಿನಲ್ಲಿ ಬರುವುದಿಲ್ಲ. ಮಧ್ಯಾಹ್ನ ಕಾರಿಡಾರಿನಲ್ಲಿ ಹಿರಿಯರು ಒಬ್ಬರ ಕೆಲಸ ನೋಡಿ ಮುಖ ಹುಳ್ಳಗೆ ಮಾಡುತ್ತಾರೆ ನೋಡಿ, ಆಗ ಬರುತ್ತದೆ.

ಜಿ.ಎನ್. ರಾಮಚಂದ್ರನ್ ಇಲ್ಲಿಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ. ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಆಮೇಲೆ ಮದರಾಸಿನಲ್ಲಿ ಕೆಲಸ ಮಾಡುವಾಗ ರಾಮಚಂದ್ರನ್ ಕೇಳಿದ ಪ್ರಶ್ನೆ ಎಷ್ಟು ಸರಳ ನೋಡಿ. ಪ್ರೋಟೀನು ಒಂದು ಉದ್ದ ಸರಪಳಿ. ಅದು ಪ್ರತಿ ಕೊಂಡಿಯಲ್ಲೂ ಎರಡು ಕಡೆ ತಿರುಗಬಹುದು. ಎರಡು ಪರಮಾಣು ಒಂದೇ ಜಾಗದಲ್ಲಿ ಕೂರಲು ಆಗುವುದಿಲ್ಲ. ಹಾಗಾದರೆ ಯಾವ ಯಾವ ತಿರುವು ಸಾಧ್ಯ? ಅದನ್ನು ಲೆಕ್ಕ ಹಾಕಿ ಒಂದು ಚೌಕದಲ್ಲಿ ಬರೆದರು. 1963ರಲ್ಲಿ ಬಂದ ಆ ನಕ್ಷೆಗೆ ರಾಮಚಂದ್ರನ್ ನಕ್ಷೆ ಅಂತಲೇ ಹೆಸರು. ಈಗಲೂ ಜಗತ್ತಿನಲ್ಲಿ ಯಾರೇ ಹೊಸ ಪ್ರೋಟೀನಿನ ಆಕಾರ ಕಂಡುಹಿಡಿದರೂ ಅದು ಸರಿಯಿದೆಯಾ ಅಂತ ಆ ಚೌಕದಲ್ಲಿ ಇಟ್ಟು ನೋಡುತ್ತಾರೆ.

ಇನ್ನೊಬ್ಬರು ನಮ್ಮ ಊರಿನಲ್ಲೇ ಇದ್ದಾರೆ, ರಾಘವೇಂದ್ರ ಗದಗಕರ್. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಕಿಟಕಿಗಳಲ್ಲಿ ಕಣಜದ ಹುಳಗಳು ಗೂಡು ಕಟ್ಟುತ್ತಿದ್ದವು. ಎಲ್ಲರೂ ಓಡಿಸುವ ಹುಳ. ಇವರು ನಿಂತು ನೋಡಿದರು. ಪಿಎಚ್‌ಡಿ ಮಾಡಿದ್ದು ಬೇರೆಯದೇ ವಿಷಯದಲ್ಲಿ, ಆಣ್ವಿಕ ಜೀವವಿಜ್ಞಾನದಲ್ಲಿ. ಆ ಹೊತ್ತಿನಲ್ಲೂ ಹುಳ ನೋಡುವುದನ್ನು ಹವ್ಯಾಸವಾಗಿ ಇಟ್ಟುಕೊಂಡರು. ಪಿಎಚ್‌ಡಿ ಮುಗಿದ ಮೇಲೆ ಹವ್ಯಾಸವೇ ಕೆಲಸವಾಯಿತು. ಹುಳಗಳಿಗೆ ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡಿ, ಯಾವುದು ಯಾವಾಗ ಏನು ಮಾಡಿತು ಅಂತ ವರ್ಷಗಟ್ಟಲೆ ಬರೆದರು. ಆ ಗೂಡಿನ ರಾಣಿ ಬಲು ಸಾಧು. ಜೋರು ಮಾಡುವುದೇ ಇಲ್ಲ. ರಾಣಿಯನ್ನು ತೆಗೆದರೆ ಮಾತ್ರ ಕೆಲಸದ ಹುಳಗಳಲ್ಲಿ ಒಂದು ದಿಢೀರ್ ಅಂತ ರೇಗಾಡಲು ಶುರು ಮಾಡುತ್ತದೆ, ಮುಂದಿನ ರಾಣಿ ಅದೇ. ಉಳಿದವು ತಕರಾರು ಇಲ್ಲದೆ ಒಪ್ಪಿಕೊಳ್ಳುತ್ತವೆ. ಇದನ್ನು ಕಾಣುವುದಕ್ಕೆ ಕೋಟಿಗಟ್ಟಲೆ ರೂಪಾಯಿಯ ಯಂತ್ರ ಬೇಕಾಗಲಿಲ್ಲ.

ಯಲಹಂಕದ ಹಕ್ಕಿ · ಭಾನುವಾರ ಮಧ್ಯಾಹ್ನ 12:10

ಹುಳದ ಮಾತು ಬಂತಲ್ಲ, ಡಾರ್ವಿನ್ ಕತೆ ಹೇಳಲೇಬೇಕು. ಡಾಕ್ಟರ್ ಓದು ಅರ್ಧಕ್ಕೆ ಬಿಟ್ಟ. ಪಾದ್ರಿ ಆಗಲಿ ಅಂತ ಅಪ್ಪ ಕೇಂಬ್ರಿಜ್‌ಗೆ ಹಾಕಿದ, ಅಲ್ಲಿ ಜೀರುಂಡೆ ಹಿಡಿಯುತ್ತಾ ಕೂತ. ಎರಡೂ ಕೈಯಲ್ಲಿ ಒಂದೊಂದು ಜೀರುಂಡೆ ಇದ್ದಾಗ ಮೂರನೆಯದು ಕಂಡಿತಂತೆ. ಕೈಯಲ್ಲಿದ್ದ ಒಂದನ್ನು ಬಾಯಿಗೆ ಹಾಕಿಕೊಂಡ. ಅದು ನಾಲಿಗೆ ಸುಡುವ ರಸ ಬಿಟ್ಟಿತು. ಅವನೇ ಬರೆದುಕೊಂಡದ್ದು.

1831ರಲ್ಲಿ ಬೀಗಲ್ ಹಡಗಿನ ಅವಕಾಶ ಮೊದಲು ಬಂದದ್ದು ಅವನ ಮೇಷ್ಟ್ರು ಹೆನ್ಸ್ಲೋಗೆ. ಅವರು ತಾವು ಹೋಗದೆ ಈ ಹುಡುಗನ ಹೆಸರು ಹೇಳಿದರು. ಅಪ್ಪ ಬೇಡವೇ ಬೇಡ ಅಂದ, ಕಾರಣಗಳ ಪಟ್ಟಿಯೇ ಇತ್ತು. ಆಗ ಬಂದದ್ದು ಯಾರು ಗೊತ್ತಾ? ಸೋದರಮಾವ! ತಾಯಿಯ ತಮ್ಮ ಜೋಸೈಯಾ ವೆಜ್‌ವುಡ್ ಪಟ್ಟಿಯ ಒಂದೊಂದು ಕಾರಣಕ್ಕೂ ಉತ್ತರ ಬರೆದು ಕಳಿಸಿದ. ಅಪ್ಪ ಒಪ್ಪಿದ. ಸುಮಾ ಅವರೇ, ಚಿಕ್ಕಮ್ಮಂದಿರಿಗೂ ಈ ಅಧಿಕಾರ ಇದೆ.

ನಾಲ್ಕನೇ ಬ್ಲಾಕ್ · ಭಾನುವಾರ ಮಧ್ಯಾಹ್ನ 3:30

ಇಲ್ಲಿಯವರೆಗೆ ಬಂದ ಹೆಸರುಗಳನ್ನು ನೋಡಿ. ಎಲ್ಲರೂ ಗಂಡಸರು. ಗುರು ಬಾಗಿಲು ತೆರೆದ, ಮಾವ ಕಾಗದ ಬರೆದ. ಬಾಗಿಲು ಮುಚ್ಚಿದ ಕತೆಯೂ ಇದೇ ಊರಿನಲ್ಲಿದೆ, ಅದನ್ನೂ ಹೇಳೋಣ.

1933ರಲ್ಲಿ ಕಮಲಾ ಭಾಗವತ್, ಮದುವೆಯಾದ ಮೇಲೆ ಕಮಲಾ ಸೊಹೊನಿ, ಬಾಂಬೆಯಲ್ಲಿ ಬಿ.ಎಸ್ಸಿ.ಗೆ ಮೊದಲ ಸ್ಥಾನ ಪಡೆದು ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ಹೆಣ್ಣು ಅನ್ನುವ ಕಾರಣಕ್ಕೆ, ಆಗ ಅಲ್ಲಿನ ನಿರ್ದೇಶಕರಾಗಿದ್ದ ರಾಮನ್ ಆಗುವುದಿಲ್ಲ ಅಂದರು. ಹೌದು, ಇದೇ ರಾಮನ್. ಕಮಲಾ ಬೆಂಗಳೂರಿಗೇ ಬಂದು ಸತ್ಯಾಗ್ರಹದ ಹಠ ಹಿಡಿದರು. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು. ಒಂದು ವರ್ಷ ರೆಗ್ಯುಲರ್ ವಿದ್ಯಾರ್ಥಿನಿ ಅಲ್ಲ, ಗಂಡು ಹುಡುಗರ ಗಮನ ಕೆಡಿಸಬಾರದು. ಆ ವರ್ಷ ಅವರ ಕೆಲಸ ನೋಡಿದ ಮೇಲೆ ರಾಮನ್ ಮನಸ್ಸು ಬದಲಾಯಿತು, ಮುಂದೆ ಹೆಣ್ಣುಮಕ್ಕಳಿಗೆ ಪ್ರವೇಶ ಸಿಕ್ಕಿತು. ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು.

ಅನ್ನಾ ಮಾಣಿ ಎಂಟನೇ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಬೇಡ, ವಿಶ್ವಕೋಶ ಕೊಡಿಸಿ ಅಂದ ಹುಡುಗಿ. 1940ರಲ್ಲಿ ಇಲ್ಲಿ ರಾಮನ್ ಹತ್ತಿರವೇ ಬಂದರು. ಕೆಲಸ ಮಾಡಿದ್ದೂ ವಜ್ರದ ಮೇಲೆಯೇ. ವಜ್ರದ ಮಂಕು ಬೆಳಕು ಫೋಟೊ ಪ್ಲೇಟಿಗೆ ಹಿಡಿಯಲು ಹದಿನೈದು ಇಪ್ಪತ್ತು ಗಂಟೆ ಬೇಕಾಗುತ್ತಿತ್ತು. ರಾತ್ರಿ ಲ್ಯಾಬಿನಲ್ಲೇ ನಿದ್ದೆ. 1942ರಿಂದ 45ರೊಳಗೆ ಐದು ಪ್ರಬಂಧ, ಐದಕ್ಕೂ ಅವರೊಬ್ಬರದೇ ಹೆಸರು. ಆದರೂ ಪಿಎಚ್‌ಡಿ ಕೊಡಲಿಲ್ಲ, ಎಂ.ಎಸ್ಸಿ. ಇಲ್ಲ ಅನ್ನುವ ಕಾರಣಕ್ಕೆ. ಆಮೇಲೆ ಅವರು ಹವಾಮಾನ ಇಲಾಖೆಗೆ ಹೋಗಿ ನಮ್ಮ ದೇಶದ ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ಇಲ್ಲೇ ಮಾಡುವ ಹಾಗೆ ನಿಲ್ಲಿಸಿದರು.

ಮೊದಲ ಪ್ರಶ್ನೆಗೆ ಬರುತ್ತೇನೆ, ಸಂಜೆ ಆಫೀಸಿನ ಮೇಲೂ ರಾಮನ್‌ಗೆ ಶಕ್ತಿ ಎಲ್ಲಿಂದ ಬಂತು ಅಂತ. ಮನೆಯಲ್ಲಿ ಅಡುಗೆ ಆಗಿರುತ್ತಿತ್ತು, ಬಟ್ಟೆ ಒಗೆದಿರುತ್ತಿತ್ತು. ಅಷ್ಟೇ. ನಿಮ್ಮ ಸಂಜೆ ಎಲ್ಲಿ ಹೋಗುತ್ತದೆ ಅಂತ ನೀವೇ ಲೆಕ್ಕ ಹಾಕಿ, ಅಕೌಂಟ್ಸ್ ನಿಮಗೇ ಗೊತ್ತಲ್ಲ.

ಹನುಮಂತನಗರ ಸುಮಾ · ಭಾನುವಾರ ಮಧ್ಯಾಹ್ನ 3:48

ಲೆಕ್ಕ ಹಾಕುವುದೇ ಬೇಡ, ಬ್ಯಾಲೆನ್ಸ್ ಯಾವಾಗಲೂ ಸೊನ್ನೆ. ಇದನ್ನು ಯಾರೂ ಹೀಗೆ ನೇರವಾಗಿ ಹೇಳಿರಲಿಲ್ಲ.

ಫಿಲ್ಟರ್ ಕಾಫಿ · ಭಾನುವಾರ ಸಂಜೆ 6:15

ನೀವೆಲ್ಲ ಏನೇ ಹೇಳಿ, ರಾಮಾನುಜನ್ ಅಂತ ಒಬ್ಬರಿದ್ದಾರೆ. ಯಾವ ಗುರು? ಯಾವ ಲ್ಯಾಬು? ಯಾವ ಸೋದರಮಾವ? ಹುಟ್ಟುಗುಣ ಅಲ್ಲದೆ ಏನು ಅದು?

ನಿವೃತ್ತ ಮೇಷ್ಟ್ರು · ಭಾನುವಾರ ಸಂಜೆ 7:00

ಹುಟ್ಟುಗುಣ ಇರಲಿಲ್ಲ ಅಂತ ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಆದರೆ ಒಬ್ಬಂಟಿ ಅಂದಿರಲ್ಲ, ಅಲ್ಲಿ ನಿಮ್ಮ ಮಾತು ಸೋಲುತ್ತದೆ.

ಹದಿನಾರರ ಸುಮಾರಿಗೆ ಅವರ ಕೈಗೆ ಕಾರ್ ಅನ್ನುವವನ ಒಂದು ಗೈಡು ಸಿಕ್ಕಿತು. ಪರೀಕ್ಷೆಗೆ ಓದುವವರಿಗೆ ಮಾಡಿದ್ದು. ಗಣಿತದ ಸುಮಾರು 5000 ಫಲಿತಾಂಶಗಳು, ಅವು ಹೇಗೆ ಬಂದವು ಅನ್ನುವ ಸಾಧನೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೇರೆಯವರಿಗೆ ಅದು ಬಾಯಿಪಾಠಕ್ಕೆ. ಇವರಿಗೆ ಒಂದೊಂದು ಸಾಲೂ ಬಿಡಿಸಬೇಕಾದ ಒಗಟು. ಕಾಗದ ದುಬಾರಿ ಅಂತ ಸ್ಲೇಟಿನ ಮೇಲೆ ಮಾಡಿ, ಮೊಣಕೈಯಲ್ಲಿ ಒರೆಸಿ, ಉತ್ತರ ಮಾತ್ರ ನೋಟ್‌ಬುಕ್ಕಿಗೆ ಬರೆಯುತ್ತಿದ್ದರು. ಬೇರೆ ವಿಷಯಗಳಲ್ಲಿ ಫೇಲಾಗಿ ಕಾಲೇಜು ತಪ್ಪಿತು.

1912ರಲ್ಲಿ ಮದರಾಸು ಬಂದರಿನ ಆಫೀಸಿನಲ್ಲಿ ಗುಮಾಸ್ತೆ ಕೆಲಸ, ಅಕೌಂಟ್ಸ್ ವಿಭಾಗದಲ್ಲಿ (ಸುಮಾ ಅವರೇ, ನಿಮ್ಮವರೇ!). ಅಲ್ಲಿನ ಚೀಫ್ ಅಕೌಂಟೆಂಟ್ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು. ರಾತ್ರಿ ಇಬ್ಬರೂ ಸ್ಲೇಟು ಹಿಡಿದು ಕೂರುತ್ತಿದ್ದರು. 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಕಾಗದ ಹೋಯಿತು. ಅದಕ್ಕೂ ಮೊದಲು ಇಂಗ್ಲೆಂಡಿನ ಇಬ್ಬರು ಗಣಿತಜ್ಞರಿಗೆ ಬರೆದಿದ್ದರು, ಪ್ರಯೋಜನ ಆಗಲಿಲ್ಲ. ಮೂರನೆಯವರೂ ಹಾಗೇ ಮಾಡಿದ್ದರೆ? ಹುಟ್ಟುಗುಣ ಹಾಗೇ ಇರುತ್ತಿತ್ತು, ನಮಗೆ ಹೆಸರು ಗೊತ್ತಾಗುತ್ತಿರಲಿಲ್ಲ. ಡೇಟಾ ಹುಡುಗ ಕೇಳಿದ ಸೋತವರ ಪಟ್ಟಿಯಲ್ಲಿ ಅದೂ ಒಂದು ಹೆಸರಾಗುತ್ತಿತ್ತು.

ರಾತ್ರಿ ಪಾಳಿ · ಸೋಮವಾರ ನಸುಕು 2:20

ಕನಸಿನಲ್ಲಿ ಹೊಳೆಯುವುದರ ಬಗ್ಗೆ ಯಾರೂ ಹೇಳಲಿಲ್ಲ? ಬೆಂಜೀನ್ ಅಣುವಿನ ಉಂಗುರದ ಆಕಾರ ರಸಾಯನ ವಿಜ್ಞಾನಿ ಕೆಕುಲೆಗೆ ಹಾವು ತನ್ನ ಬಾಲ ಕಚ್ಚುವ ಕನಸಿನಲ್ಲಿ ಕಂಡಿತು ಅಂತಾರಲ್ಲ.

ಲ್ಯಾಬ್ ಅಕ್ಕ · ಸೋಮವಾರ ಬೆಳಗ್ಗೆ 7:45

ಕೆಕುಲೆ ಆ ಕತೆ ಹೇಳಿದ್ದು 1890ರಲ್ಲಿ, ಅವನ ಸನ್ಮಾನದ ಸಭೆಯಲ್ಲಿ, ಕೆಲಸ ಆಗಿ ಇಪ್ಪತ್ತೈದು ವರ್ಷದ ಮೇಲೆ. ಸನ್ಮಾನದ ಭಾಷಣದಲ್ಲಿ ಜನ ಏನೇನು ಹೇಳುತ್ತಾರೆ ಅಂತ ನಮಗೆ ಗೊತ್ತಲ್ಲ. ನನಗೆ ಅದಕ್ಕಿಂತ ಫ್ರೆಂಚ್ ಗಣಿತಜ್ಞ ಪ್ವಾಂಕರೆ ಮಾತು ನಂಬಿಕೆಗೆ ಯೋಗ್ಯ. ಒಂದು ಗಣಿತದ ಸಮಸ್ಯೆಯಲ್ಲಿ ಮುಳುಗಿದ್ದವರು ಅದನ್ನು ಬಿಟ್ಟು ಪ್ರವಾಸ ಹೋದರು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಉತ್ತರ ಹೊಳೆಯಿತು. ಆದರೆ ಅವರೇ ಸ್ಪಷ್ಟವಾಗಿ ಹೇಳುತ್ತಾರೆ, ಮೊದಲು ದಿನಗಟ್ಟಲೆ ಬುದ್ಧಿ ಸವೆಸಿರದಿದ್ದರೆ ಹೀಗೆ ಹೊಳೆಯುವುದಿಲ್ಲ ಅಂತ.

ಡೇಟಾ ಹುಡುಗ · ಸೋಮವಾರ ಬೆಳಗ್ಗೆ 9:10

ಬರೀ ಬಸ್ ಸಾಕಾಗಿದ್ದರೆ ಸಿಲ್ಕ್ ಬೋರ್ಡಿನಲ್ಲಿ ದಿನಾ ಕೂರುವವರಿಗೆಲ್ಲ ನೊಬೆಲ್ ಕೊಡಬೇಕಿತ್ತು. ಈಗ ಅಲ್ಲಿಂದಲೇ ಬರೆಯುತ್ತಿದ್ದೇನೆ.

ಲ್ಯಾಬ್ ಅಕ್ಕ · ಸೋಮವಾರ ರಾತ್ರಿ 9:30

ಒಂದು ಗುಣದ ಬಗ್ಗೆ ಹೇಳದಿದ್ದರೆ ಈ ಚರ್ಚೆ ಅಪೂರ್ಣ. ಹಠ. ನಾವು ಅದನ್ನು ಹೊಗಳುತ್ತೇವೆ, ಆದರೆ ಅದು ಎರಡೂ ಕಡೆ ಕೊಯ್ಯುತ್ತದೆ.

ರಾಮನ್ ಅಣ್ಣನ ಮಗ ಎಸ್. ಚಂದ್ರಶೇಖರ್ 1930ರಲ್ಲಿ, ಹತ್ತೊಂಬತ್ತರಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು ಲೆಕ್ಕ ಹಾಕಿದರು. ಶ್ವೇತಕುಬ್ಜ ಅನ್ನುವ ಸಾಯುವ ನಕ್ಷತ್ರಗಳಿಗೆ ಒಂದು ತೂಕದ ಮಿತಿ ಇದೆ, ಈಗಿನ ಲೆಕ್ಕದಲ್ಲಿ ಸೂರ್ಯನ ಸುಮಾರು 1.4 ಪಟ್ಟು. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯಲ್ಲಿ ಆಗಿನ ದೊಡ್ಡ ಖಗೋಳವಿಜ್ಞಾನಿ ಎಡಿಂಗ್ಟನ್ ಅದನ್ನು ಎಲ್ಲರ ಎದುರು ಗೇಲಿ ಮಾಡಿದರು. ಚಂದ್ರಶೇಖರ್ ಜಗಳ ಮುಂದುವರಿಸಲಿಲ್ಲ. ಆ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟು ಬೇರೆ ವಿಷಯಕ್ಕೆ ಹೋದರು. ಆಮೇಲೂ ಅದೇ ಅಭ್ಯಾಸ. ಒಂದು ವಿಷಯ ಹಿಡಿದು, ವರ್ಷಗಟ್ಟಲೆ ಮಾಡಿ, ಪುಸ್ತಕ ಬರೆದು, ಬಿಟ್ಟು, ಹೊಸದಕ್ಕೆ ವಿದ್ಯಾರ್ಥಿಯ ಹಾಗೆ ಕೂರುವುದು. ನೊಬೆಲ್ ಬಂದದ್ದು 1983ರಲ್ಲಿ.

ಚಿಕ್ಕಪ್ಪನ ಹಠ ಬೇರೆ ಥರ. ಜರ್ಮನಿಯ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935ರಲ್ಲಿ ರಾಮನ್ ಕರೆದರು ಅಂತಲೇ ಬೆಂಗಳೂರಿಗೆ ಬಂದು ಕೆಲವು ತಿಂಗಳು ಇದ್ದರು. ಆಮೇಲೆ ಹರಳುಗಳಲ್ಲಿ ಪರಮಾಣು ಹೇಗೆ ಅದುರುತ್ತವೆ ಅನ್ನುವುದರ ಮೇಲೆ ಇಬ್ಬರಿಗೂ ದೊಡ್ಡ ವಾದ. ಬಾರ್ನ್ ಸರಿ ಅಂತ ಆಯಿತು. ರಾಮನ್ ಕೊನೆಯವರೆಗೂ ಒಪ್ಪಲಿಲ್ಲ. ವರ್ಷಗಳು ಹೋದವು ಅದರಲ್ಲಿ. ಬೌಬಜಾರಿಗೆ ದಿನಾ ಕರೆದುಕೊಂಡು ಹೋದ ಗುಣವೂ ಇದೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯುವುದು ಆಗುತ್ತಿತ್ತಾ? ನನಗೆ ಅನುಮಾನ.

ಗಾಂಧಿ ಬಜಾರ್ ಹಳಬ · ಮಂಗಳವಾರ ಬೆಳಗ್ಗೆ 6:50

ತಡವಾಗಿ ಬಂದೆ, ಕ್ಷಮಿಸಿ. ಎಲ್ಲರೂ ವ್ಯಕ್ತಿಗಳ ಬಗ್ಗೆ ಹೇಳಿದಿರಿ, ಜಾಗದ ಬಗ್ಗೆ ಹೇಳುವವನು ನಾನು.

ಬೌಬಜಾರಿನ ಆ ಪ್ರಯೋಗಶಾಲೆ ರಾಮನ್‌ಗಾಗಿ ಕಟ್ಟಿದ್ದಲ್ಲ. ಮಹೇಂದ್ರಲಾಲ್ ಸರ್ಕಾರ್ ಅನ್ನುವ ಡಾಕ್ಟರು 1876ರಲ್ಲಿ ಚಂದಾ ಎತ್ತಿ ಶುರು ಮಾಡಿದ್ದರು. ನಮ್ಮವರು ಸಂಶೋಧನೆ ಮಾಡಲಿ ಅಂತ. ಹೆಚ್ಚು ಜನ ಬರಲೇ ಇಲ್ಲ. ಅವರು 1904ರಲ್ಲಿ ಬೇಸರದಲ್ಲೇ ತೀರಿಕೊಂಡರು. ಮೂರು ವರ್ಷದ ಮೇಲೆ ಟ್ರಾಮಿನಲ್ಲಿ ಹೋಗುತ್ತಿದ್ದ ಒಬ್ಬ ಹುಡುಗ ಆ ಬೋರ್ಡ್ ನೋಡಿ ಇಳಿದ. ಬಾಗಿಲು ತೆರೆದದ್ದು ಆಶುತೋಷ್ ದೇ. ಮುಂದೆ ಅವರೇ ರಾಮನ್‌ಗೆ ವರ್ಷಗಟ್ಟಲೆ ಸಹಾಯಕರಾದರು. ಸಂಜೆ ಐದರ ಮೇಲೆ ಗುಮಾಸ್ತರಿಗೆ ಬಾಗಿಲು ತೆರೆಯುವ ಜಾಗ ಅದು.

ನಮ್ಮ ಬಸವನಗುಡಿಯಲ್ಲೂ ಅಂಥದ್ದು ಒಂದಿದೆ. ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರಕ್ಕೊಂದು ಉಪನ್ಯಾಸ, ಟಿಕೆಟ್ ಇಲ್ಲ, ನೀನು ಯಾರು ಅಂತ ಕೇಳುವವರಿಲ್ಲ. ಅವರು ಹಾಸ್ಟೆಲ್ಲಿನ ಒಂದು ಕೋಣೆಯಲ್ಲೇ ಬದುಕು ಕಳೆದ ಮನುಷ್ಯ. ಮುಂದಿನ ಸಾಲಿನಲ್ಲಿ ವಿಜ್ಞಾನಿಗಳು, ಹಿಂದಿನ ಸಾಲಿನಲ್ಲಿ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತ ನಿವೃತ್ತರು. ಕೆಲವರು ಫ್ಯಾನಿನ ಗಾಳಿಗೆ ಬರುತ್ತಿದ್ದದ್ದೂ ಉಂಟು.

ರೊದ್ದಂ ನರಸಿಂಹ ವಿದ್ಯಾರ್ಥಿಯಾಗಿದ್ದಾಗ ಟಾಟಾ ಇನ್‌ಸ್ಟಿಟ್ಯೂಟಿಗೆ ಹೋಗಿ ಏರೋನಾಟಿಕ್ಸ್ ವಿಭಾಗದಲ್ಲಿ ನಿಂತಿದ್ದ ಸ್ಪಿಟ್‌ಫೈರ್ ಯುದ್ಧವಿಮಾನ ನೋಡಿ ಬೆರಗಾದರಂತೆ. ಅವರು ಮುಂದೆ ಗಾಳಿಯ ಹರಿವಿನ ದೊಡ್ಡ ವಿಜ್ಞಾನಿಯಾದರು. ಅವರ ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಮನೆಯ ಪಾಠವೋ, ವಿಮಾನವೋ? ಎರಡೂ ಇರಬೇಕು. ಆದರೆ ವಿಮಾನ ನೋಡಲು ಗೇಟು ತೆರೆದಿರಬೇಕಲ್ಲ.

ಈಗ ಯೋಚಿಸಿ. ಇವತ್ತು ಒಬ್ಬ ಅಕೌಂಟ್ಸ್ ಗುಮಾಸ್ತ ಸಂಜೆ ಆರಕ್ಕೆ ನಮ್ಮ ಊರಿನ ಯಾವುದಾದರೂ ಸಂಶೋಧನಾ ಸಂಸ್ಥೆಯ ಗೇಟಿಗೆ ಹೋಗಿ 'ನನಗೆ ಪಿಟೀಲಿನ ಮೇಲೆ ಒಂದು ಪ್ರಯೋಗ ಮಾಡಬೇಕು, ಜಾಗ ಕೊಡಿ' ಅಂದರೆ ಏನಾಗುತ್ತದೆ? ಸೆಕ್ಯೂರಿಟಿಯವನು ಐಡಿ ಕಾರ್ಡ್ ಕೇಳುತ್ತಾನೆ. ಅವನ ತಪ್ಪಲ್ಲ.

ಡೇಟಾ ಹುಡುಗ · ಮಂಗಳವಾರ ಬೆಳಗ್ಗೆ 9:25

ಹಿರಿಯರೇ, ವರ್ಷಕ್ಕೊಂದು ದಿನ ಓಪನ್ ಡೇ ಇಡುತ್ತಾರಲ್ಲ. ಕಾಲಿಡಲು ಜಾಗ ಇರುವುದಿಲ್ಲ ಅಷ್ಟು ಜನ. ಇನ್ನು ಲೇಸರು, ವಿಷ, ರೋಗಾಣು ಇರುವ ಲ್ಯಾಬಿಗೆ ದಿನಾ ಎಲ್ಲರನ್ನೂ ಬಿಡಲು ಆಗುತ್ತದಾ? 1907ರ ಪ್ರಯೋಗ ಮೇಜಿನ ಮೇಲೆ ಆಗುತ್ತಿತ್ತು. ಈಗಿನದು ಹಾಗಲ್ಲ.

ಲ್ಯಾಬ್ ಅಕ್ಕ · ಮಂಗಳವಾರ ಮಧ್ಯಾಹ್ನ 1:15

ಕೆಲವು ಹಾಗಲ್ಲ, ಕೆಲವು ಈಗಲೂ ಮೇಜಿನ ಮೇಲೆಯೇ. ಕಣಜದ ಹುಳಕ್ಕೆ ಕಿಟಕಿ ಸಾಕು ಅಂತ ಮೇಲೆ ಬರೆದೆನಲ್ಲ. ನಿಜವಾದ ತೊಂದರೆ ಸಮಯದ್ದು. ಮೂರು ವರ್ಷದ ಪ್ರಾಜೆಕ್ಟ್, ವರ್ಷವರ್ಷ ವರದಿ, ಎಷ್ಟು ಪ್ರಬಂಧ ಬಂತು ಅನ್ನುವ ಲೆಕ್ಕ. ಒಳಗೆ ಇರುವ ನಮಗೇ ಸುಮ್ನೆ ಒಂದು ಹುಳ ನೋಡಿಕೊಂಡು ಕೂರಲು ಬಿಡುವಿಲ್ಲ. ಹೊರಗಿನವರನ್ನು ಬಿಟ್ಟರೆ ಅವರ ಜೊತೆ ಕೂರುವವರು ಯಾರು? ಆಶುತೋಷ್ ದೇ ಥರದವರ ಹುದ್ದೆ ಈಗ ಯಾರ ಬಜೆಟ್ಟಿನಲ್ಲೂ ಇಲ್ಲ.

ಫಿಲ್ಟರ್ ಕಾಫಿ · ಮಂಗಳವಾರ ಮಧ್ಯಾಹ್ನ 2:00

ಸರಿ, ಬಾಗಿಲು ತೆರೆದಿಟ್ಟರು ಅಂದುಕೊಳ್ಳಿ. ಬರುವವರು ಯಾರು? ಸರ್ಕಾರ್ ಅವರ ಬಾಗಿಲಿಗೂ ಮೂವತ್ತು ವರ್ಷ ಹೆಚ್ಚು ಜನ ಬರಲಿಲ್ಲ ಅಂತ ಹಳಬರೇ ಹೇಳಿದರು.

ಕೋಲಾರ ಪ್ಯಾಸೆಂಜರ್ · ಮಂಗಳವಾರ ರಾತ್ರಿ 10:40

ಬರುತ್ತಾರೆ ಸರ್. ನಾನು ಬಿ.ಎಸ್ಸಿ. ಓದುವಾಗ ನೆಹರು ತಾರಾಲಯದಲ್ಲಿ ಡಿಗ್ರಿ ಹುಡುಗರಿಗೆ ನಡೆಸುವ ಭೌತಶಾಸ್ತ್ರದ ತರಗತಿಗೆ ರೈಲು ಹತ್ತಿ ಬರುತ್ತಿದ್ದೆ. ಕಾಲೇಜಿನಲ್ಲಿ ನೋಟ್ಸ್ ಬರೆಸುತ್ತಿದ್ದರು. ಇಲ್ಲಿ ಪಾಠ ಮಾಡುವವರು ಒಂದು ಪ್ರಶ್ನೆ ಹಲಗೆ ಮೇಲೆ ಬರೆದು ತಾವೂ ಯೋಚಿಸುತ್ತಾ ನಿಲ್ಲುತ್ತಿದ್ದರು. ಗೊತ್ತಿಲ್ಲದೆ ನಿಲ್ಲುವ ಮೇಷ್ಟ್ರನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಜೊತೆ ಬರುತ್ತಿದ್ದವರಲ್ಲಿ ಒಬ್ಬಳು ಈಗ ಸಂಶೋಧನೆ ಮಾಡುತ್ತಿದ್ದಾಳೆ. ನಾನು ಬ್ಯಾಂಕಿನಲ್ಲಿದ್ದೇನೆ. ಕೌಂಟರಿನಲ್ಲಿ.

ಸೈನ್ಸ್ ಫೋರಂ ಉಪನ್ಯಾಸ ಈಗಲೂ ಬುಧವಾರವೇ ಇರುತ್ತದಾ? ಈಗ ವಿಜಯನಗರದಲ್ಲಿ ಮನೆ, ಬ್ಯಾಂಕ್ ಮುಗಿಸಿ ಬರಬಹುದು.

ಗಾಂಧಿ ಬಜಾರ್ ಹಳಬ · ಬುಧವಾರ ಬೆಳಗ್ಗೆ 6:30

ಹೊರಡುವ ಮೊದಲು ಕಾಲೇಜಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಮುಂಚೆ ಬಂದರೆ ಗಾಂಧಿ ಬಜಾರಿನಲ್ಲಿ ಕಾಫಿ ನಂದು. ಫಿಲ್ಟರ್ ಕಾಫಿಯವರೂ ಬರಲಿ, ಮಿಕ್ಕ ಜಗಳ ಅಲ್ಲೇ ಆಡೋಣ.